ಕರಿ ಪಾಲಿಶ್ ಒರೆಸಿದ ಮೇಲೆ

ಹೋದ ತಿಂಗಳು ಅಶ್ವಿನಿ ನಮ್ಮ ಮನೆಗೆ ಬಂದು ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಎರಡು ಪೆನ್ನು ಇಟ್ಟು ಹೋದಳು. ಅಶ್ವಿನಿ ಅಂದರೆ ನಾನು ನಲವತ್ತು ವರ್ಷ ದುಡಿದ ಹುಬ್ಬಳ್ಳಿಯ ಟೈರ್ ಅಂಗಡಿಯ ಸಾವ್ಕಾರರ ಸೊಸೆ. ಈಗ ಅಂಗಡಿ ನೋಡಿಕೊಳ್ಳುವವಳು ಅವಳೇ. "ಫಕ್ಕೀರಪ್ಪ ಕಾಕಾ, ಹೊಸದಾಗಿ ಕೆಲಸಕ್ಕ ಬಂದವ್ರಿಗೆ ಮಶೀನ್ ನಡಸೂದು ನಾ ಕಲಸ್ತೇನಿ. ಟೈರ್ ನೋಡೂದು ಹೆಂಗ ಅನ್ನೂದನ್ನ ನೀವು ಬರದು ಕೊಡ್ರಿ" ಅಂದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಪೆನ್ನು ಹಿಡಿಯುವುದಕ್ಕಿಂತ ಲಾರಿಯ ಟೈರ್ ಎತ್ತುವುದು ಹಗುರ. ಆದರೂ ಹೂಂ ಅಂದೆ. ಯಾಕಂದರೆ ಈ ಕೆಲಸದಲ್ಲಿ ನನ್ನಿಂದ ಒಂದು ದೊಡ್ಡ ತಪ್ಪಾಗಿದೆ. ಬೇರೆಯವರು ಬಾಯಿಗೆ ಬಂದಂತೆ ಹೇಳುವುದಕ್ಕಿಂತ ಅದನ್ನು ನಾನೇ ಹೇಳುವುದು ಛಲೋ.

ಯಾವ ವರ್ಷ ಸೇರಿದೆ, ಯಾವಾಗ ಹೆಡ್ ಫಿಟ್ಟರ್ ಆದೆ ಅನ್ನುವುದೆಲ್ಲ ನನ್ನ ಹೆಂಡತಿಗೇ ನೆನಪಿಲ್ಲ, ನಿಮಗ್ಯಾಕೆ? ನನಗೆ ಕೆಲಸ ಕಲಿಸಿದವರು ಯಾರು ಅನ್ನುವುದು ಮಾತ್ರ ನಿಮಗೆ ಗೊತ್ತಿರಬೇಕು. ಅವರು ಇಮಾಮಸಾಬ ಉಸ್ತಾದರು. ಕೆಂಪು ಟವೆಲ್ಲು ಹೆಗಲಿಗೆ, ಬಾಯಲ್ಲಿ ಎಲೆ ಅಡಿಕೆ, ಮಾತು ಕಮ್ಮಿ. ಗಿರಾಕಿ ಬಂದು ಟೈರ್ ಬೇಕು ಅಂದರೆ ಬೇರೆ ಅಂಗಡಿಯವರು ಸೈಜ್ ಕೇಳುತ್ತಿದ್ದರು. ಉಸ್ತಾದರು ಮೊದಲು ಕೇಳುತ್ತಿದ್ದದ್ದು, "ಗಾಡಿ ಎಲ್ಲೆ ನಿಂದ್ರತೈತ್ರಿ?"

ಗಿರಾಕಿಗೆ ನಗು ಬರುತ್ತಿತ್ತು. ನನಗೂ ಬರುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ. ಅವರು ಎಲೆ ಅಡಿಕೆ ಉಗುಳಿ ಬಂದು ಸಾವಕಾಶ ಹೇಳಿದರು. "ಓಡೂ ಗಾಡಿ ಟೈರ್ ಸವೀತಾವು, ಅದು ನಿನ್ನ ಕಣ್ಣಿಗೆ ಕಾಣತೈತಿ. ನಿಂತ ಗಾಡಿ ಟೈರ್ ಬಿಸಲಿಗೆ ಒಣಗತಾವು, ಅದು ಕಾಣಂಗಿಲ್ಲ. ಕಾಣದಿದ್ದದ್ದನ್ನ ಕೇಳೇ ತಿಳಕೋಬೇಕಲೇ ಫಕ್ಯಾ." ನಾನು ತಲೆ ಅಲ್ಲಾಡಿಸಿದೆ. ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಇಳಿಯುವುದಕ್ಕೆ ಇನ್ನೂ ಬಹಳ ವರ್ಷ ಬೇಕಾಯಿತು.

ನನ್ನ ಮೊದಲ ದೊಡ್ಡ ಫಜೀತಿ ಹತ್ತಿ ವ್ಯಾಪಾರಸ್ಥರೊಬ್ಬರ ಟ್ರೇಲರಿನದು. ಟ್ರ್ಯಾಕ್ಟರಿನ ಹಿಂದೆ ಎಳೆಯುವ ಎರಡು ಗಾಲಿಯ ಗಾಡಿ. ಒಂದೇ ಟೈರ್ ಹಾಳಾಗಿತ್ತು, ಹಾಗಾಗಿ ಒಂದೇ ಹೊಸದು ಹಾಕಿ ಕಳಿಸಿದೆ. ಎರಡನೇ ದಿನಕ್ಕೆ ಅವರು ಧೋತರ ಎತ್ತಿಕೊಂಡು ಅಂಗಡಿಗೆ ಬಂದರು. "ಏನಪಾ, ನನ್ನ ಗಾಡಿಗೆ ಏನ ಕುಡಿಸಿ ಕಳಿಸೀದಿ? ಒಂದ ಮಗ್ಗಲಕ್ಕ ವಾಲಿಕೊಂತ ಹೊಂಟೈತಿ. ಮಂದಿ ಹಾದಿ ಬಿಟ್ಟು ನಿಂದ್ರಾಕತ್ತಾರ." ಒಂದು ಹೊಸದು, ಒಂದು ಅರ್ಧ ಸವೆದದ್ದು. ಎತ್ತರ ಒಂದೇ ಇಲ್ಲದ ಕಾಲಲ್ಲಿ ಯಾರು ನೆಟ್ಟಗೆ ನಡೆಯುತ್ತಾರೆ? ಅವತ್ತಿನಿಂದ ಒಂದು ಇರಚಿಗೆ, ಅಂದರೆ ಎರಡು ಗಾಲಿ ಕೂಡಿಸುವ ಅಚ್ಚಿಗೆ, ಎರಡೂ ಕಡೆ ಒಂದೇ ಕಂಪನಿಯ, ಒಂದೇ ವಯಸ್ಸಿನ ಟೈರ್ ಅನ್ನುವುದು ನನಗೆ ಬಾಯಿಪಾಠವಾಯಿತು. ನೀವೂ ಬಾಯಿಪಾಠ ಮಾಡಿಕೊಳ್ಳಿ.

ಆಗ ಗಾಳಿ ನೋಡುವುದೂ ಹಾಗೇ ಇತ್ತು. ಕಬ್ಬಿಣದ ರಾಡಿನಿಂದ ಟೈರಿಗೆ ಒಂದು ಹೊಡೆದು, ಸದ್ದು ಕೇಳಿ, ಸಾಕು ಅನ್ನುತ್ತಿದ್ದೆವು. ಮೀಟರ್ ಬಂದಾಗ ನಾನು ಅದನ್ನು ಕಿಸೆಯಲ್ಲೇ ಇಟ್ಟುಕೊಂಡು ರಾಡಿನಿಂದಲೇ ಹೊಡೆಯುತ್ತಿದ್ದೆ. ಮೀಟರ್ ಹಚ್ಚಿದರೆ ಕೆಲಸ ಬರುವುದಿಲ್ಲ ಅಂದುಕೊಂಡಾರು ಅನ್ನುವ ಬಿಗುಮಾನ. ಒಂದು ದಿನ ಸಾವ್ಕಾರರು ನನ್ನ ಕಿವಿಗೆ ಪರೀಕ್ಷೆ ಇಟ್ಟರು. ನಾನು ಸದ್ದು ಕೇಳಿ "ಬರೋಬ್ಬರಿ ಐತ್ರಿ" ಅಂದ ನಾಲ್ಕು ಟೈರಿನಲ್ಲಿ ಮೂರರಲ್ಲಿ ಗಾಳಿ ಕಮ್ಮಿ ಇತ್ತು. ಸಾವ್ಕಾರರು ಹಣೆಯ ವಿಭೂತಿ ಅಳಿಸಿಹೋಗುವಷ್ಟು ಬೆವರು ಒರೆಸಿಕೊಂಡು ನಕ್ಕರು. ಅವತ್ತೇ ರಾಡು ಮೂಲೆ ಸೇರಿತು.

ಆಮೇಲೆ ಬಂದದ್ದು ತಾರೀಖಿನ ಸುದ್ದಿ. ಕಂಪನಿಯಿಂದ ಬಂದ ಒಬ್ಬ ಸಾಹೇಬರು ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳನ್ನು ತೋರಿಸಿದರು. ಮೊದಲ ಎರಡು ಅಂಕಿ ಎಷ್ಟನೇ ವಾರ, ಕೊನೆಯ ಎರಡು ಯಾವ ವರ್ಷ. ಅಷ್ಟು ವರ್ಷ ದಿನಾ ಮುಟ್ಟಿದ ಟೈರಿನ ಮೇಲೆ ಅದರ ಹುಟ್ಟಿದ ದಿನ ಬರೆದಿದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಸಾವ್ಕಾರರು, "ಹಂಗಾರ ಟೈರಿಗೂ ಜಾತಕ ಐತಿ ಅನ್ನು" ಅಂದರು. ಸಾಹೇಬರು ಹೋದ ಮೇಲೆ ಗೋದಾಮಿನ ಹಳೆಯ ಟೈರುಗಳನ್ನು ಮುಂದೆ ತಂದು ಇಡಿಸಿದರು, ಮೊದಲು ಅವು ಹೋಗಲಿ ಅಂತ. ನಾನೂ ಇಟ್ಟೆ. ತಪ್ಪು ಅನಿಸಲಿಲ್ಲ.

ಈಗ ಮಹಾನವಮಿಯ ವಿಷಯಕ್ಕೆ ಬರುತ್ತೇನೆ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ಎರಡು ದಿನ ನಮ್ಮ ಅಂಗಡಿಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಗಾಡಿ ತೊಳೆಸಿ, ಟೈರಿಗೆ ಕರಿ ಪಾಲಿಶ್ ಬಳಿಸಿಕೊಂಡು ಹೋಗುವುದು ಎಲ್ಲರ ರೂಢಿ. ಮರುದಿನ ಚೆಂಡು ಹೂವಿನ ಹಾರ, ಗಾಲಿಯ ಕೆಳಗೆ ಲಿಂಬೆಹಣ್ಣು. ಆ ಪಾಲಿಶ್ ಬಳಿಯುವುದರಲ್ಲಿ ನನ್ನನ್ನು ಮೀರಿಸುವವರು ಹುಬ್ಬಳ್ಳಿಯಲ್ಲಿ ಇರಲಿಲ್ಲ. ದಪ್ಪ ಬ್ರಶ್ಶಿನಿಂದ ಎರಡು ಸುತ್ತು ಎಳೆದರೆ ಹತ್ತು ವರ್ಷದ ಟೈರೂ ಮದುಮಗನ ಬೂಟಿನಂತೆ ಹೊಳೆಯುತ್ತಿತ್ತು. ಜನ ಸಾಲು ನಿಂತು, "ಫಕ್ಕೀರಪ್ಪನ ಕೈಲೇ ಆಗ್ಲಿ" ಅನ್ನುತ್ತಿದ್ದರು. ನನಗೆ ಅದರ ಸೊಕ್ಕು ಇತ್ತು, ಸುಳ್ಳು ಹೇಳುವುದಿಲ್ಲ.

ಹಾಗೆ ಸಾಲು ನಿಲ್ಲುತ್ತಿದ್ದವರಲ್ಲಿ ವಿಮಲಾ ಟೀಚರ್ ಒಬ್ಬರು. ಧಾರವಾಡದ ಸಪ್ತಾಪುರದಲ್ಲಿ ಮನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಯಜಮಾನರು ಪ್ರಭಾಕರ ಸರ್, ಕಾಲೇಜಿನಲ್ಲಿ ಮೇಷ್ಟರಾಗಿದ್ದವರು. ಒಂದು ಕಾಯಿಲೆಯಲ್ಲಿ ಸರ್‌ಗೆ ಸೊಂಟದಿಂದ ಕೆಳಗೆ ಶಕ್ತಿ ಹೋಯಿತು. ಗಾಲಿಕುರ್ಚಿಯಲ್ಲಿ ಕೂತ ಮೇಲೆ ಅವರಿಗೆ ಪರವೂರು ಅನ್ನುವುದೇ ಇಲ್ಲವಾಯಿತು. ಯಾವ ಲಾಡ್ಜಿಗೆ ಹೋದರೂ ಬಾಗಿಲಲ್ಲಿ ಮೂರು ಮೆಟ್ಟಿಲು, ಬಚ್ಚಲಿಗೆ ಇನ್ನೊಂದು ಮೆಟ್ಟಿಲು. ಆಗ ಟೀಚರ್ ಧಾರವಾಡದ ಹತ್ತಿರವೇ ಇರುವ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಾರ್ಖಾನೆಗೆ ಹೋಗಿ, ತಾವೇ ಅಳತೆ ಬರೆದುಕೊಟ್ಟು, ಜೀಪಿನ ಹಿಂದೆ ಎಳೆಯುವ ಒಂದು ಮನೆಯನ್ನೇ ಮಾಡಿಸಿದರು. ಎರಡು ಗಾಲಿಯ ಟ್ರೇಲರ್. ಕುರ್ಚಿ ಹತ್ತಲು ಇಳಿಜಾರು ಹಲಗೆ, ತಗ್ಗಿನ ಮಂಚ, ಕುರ್ಚಿ ತಿರುಗುವಷ್ಟು ಬಚ್ಚಲು, ಸಣ್ಣದೊಂದು ಒಲೆ. ಅದನ್ನು ಎಲ್ಲರೂ ಮನಿಗಾಡಿ ಅನ್ನುತ್ತಿದ್ದರು.

ಜೀಪು ನಡೆಸುತ್ತಿದ್ದವರು ಟೀಚರೇ. ಸರ್ ಪಕ್ಕದ ಸೀಟಿನಲ್ಲಿ. ವರ್ಷಕ್ಕೆ ಮೂರೋ ನಾಲ್ಕೋ ಸಲ ಹೊರಡುತ್ತಿದ್ದರು. ಬಾದಾಮಿ, ಯಾಣ, ಕಾರವಾರದ ಸಮುದ್ರ. ಸರ್ ಒಮ್ಮೆ ಅಂಗಡಿಯ ಮುಂದೆ ಜೀಪಿನಲ್ಲೇ ಕೂತು ನನಗೆ ಹೇಳಿದ್ದರು. "ಫಕ್ಕೀರಪ್ಪನವರ, ಮನ್ಯಾಗ ನನಗ ಒಂದ ಕಿಟಕಿ ಅದ. ಈ ಗಾಡಿಯಾಗ ದಿನಾ ಒಂದ ಹೊಸಾ ಕಿಟಕಿ." ಆ ಎರಡು ಟೈರಿನ ಮೇಲೆ ಏನು ಕೂತಿದೆ ಅನ್ನುವುದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ, ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ವರ್ಷದ ಉಳಿದ ದಿನ ಮನಿಗಾಡಿ ಅವರ ಕಂಪೌಂಡಿನಲ್ಲಿ ಒಂದೇ ಕಡೆ ನಿಂತಿರುತ್ತಿತ್ತು. ಎಡಗಡೆಗೆ ಮಧ್ಯಾಹ್ನದ ಬಿಸಿಲು ಪೂರ್ತಿ. ಪ್ರತಿ ಮಹಾನವಮಿಗೆ ಟೀಚರ್ ಅದನ್ನು ತರುತ್ತಿದ್ದರು, ನಾನು ಪಾಲಿಶ್ ಬಳಿಯುತ್ತಿದ್ದೆ. ಆ ವರ್ಷ ಅವರು ನೇರವಾಗಿ ಕೇಳಿದರು. "ಫಕ್ಕೀರಪ್ಪನವರ, ಟೈರ್ ಬದಲಿ ಮಾಡಬೇಕೇನ್ರಿ? ದೀಪಾವಳಿ ಆದಮ್ಯಾಲ ಕಾರವಾರಕ್ಕ ಹೊಂಟೇವಿ."

ನಾನು ಬಗ್ಗಿ ನೋಡಿದೆ. ನೆಲಕ್ಕೆ ತಾಗುವ ಗ್ರಿಪ್ ಹೊಸದರಂತೇ ಇತ್ತು. ಬೆರಳು ಹಾಕಿದರೆ ಉಗುರು ಪೂರ್ತಿ ಒಳಗೆ ಹೋಗುತ್ತಿತ್ತು. ತಾರೀಖು ಓದಬೇಕಿತ್ತು. ಅದರ ಮೇಲೆ ನನ್ನದೇ ಐದಾರು ವರ್ಷದ ಪಾಲಿಶ್ ಗಟ್ಟಿಯಾಗಿ ಕೂತಿತ್ತು. ಹಿಂದೆ ಹನ್ನೊಂದು ಗಾಡಿ ಕಾಯುತ್ತಿದ್ದವು. "ಇನ್ನಾ ಹತ್ತು ವರ್ಷ ಚಿಂತಿ ಮಾಡಬ್ಯಾಡ್ರಿ ಟೀಚರ್" ಅಂದು, ಮತ್ತೊಂದು ಸುತ್ತು ಕಪ್ಪು ಎಳೆದು ಕಳಿಸಿಬಿಟ್ಟೆ.

ದೀಪಾವಳಿ ಆಗಿ ಐದನೇ ದಿನ ಬೆಳಿಗ್ಗೆ ಅಂಗಡಿಗೆ ಫೋನ್ ಬಂತು. ಯಲ್ಲಾಪುರ ದಾಟಿ ಅರಬೈಲ ಘಾಟಿ ಇಳಿಯುವಾಗ ಮನಿಗಾಡಿಯ ಎಡಗಡೆಯ ಟೈರ್ ಸಿಡಿದಿತ್ತು. ಟೀಚರ್ ಗಾಬರಿಯಾಗಿ ಬ್ರೇಕ್ ಒತ್ತದೆ, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಗಾಡಿಯನ್ನು ಗುಡ್ಡದ ಮಗ್ಗುಲಿಗೆ ತಂದು ನಿಲ್ಲಿಸಿದ್ದರು. ಇನ್ನೊಂದು ಮಗ್ಗುಲಲ್ಲಿ ಕಣಿವೆ. ಎಷ್ಟೋ ಲಾರಿ ಡ್ರೈವರುಗಳಿಗೆ ಆಗದ ಕೆಲಸ ಅದು.

ನಾನು ಎರಡು ಟೈರ್ ಹೇರಿಕೊಂಡು ಹೋಗಿ ಮುಟ್ಟುವಾಗ ಮಧ್ಯಾಹ್ನ. ಟೀಚರ್ ದಾರಿಯ ಕಲ್ಲಿನ ಮೇಲೆ ಕೂತಿದ್ದರು. ಸರ್ ಜೀಪಿನಲ್ಲಿ ಇದ್ದರು. "ಬರ್ರಿ ಫಕ್ಕೀರಪ್ಪನವರ, ಚಾ ತಂದೀರೇನು?" ಅಂತ ನಗಲು ನೋಡಿದರು. ಆದರೆ ಅವರ ಬಲಗೈ ಸೀಟಿನ ಮೇಲಿನ ಹಿಡಿಕೆಯನ್ನು ಇನ್ನೂ ಹಿಡಿದೇ ಇತ್ತು. ಬೆಳಿಗ್ಗೆ ಹಿಡಿದದ್ದು, ಬಿಟ್ಟಿರಲಿಲ್ಲ.

ಟೈರಿನ ಮೇಲುಪಟ್ಟಿ ಕಿತ್ತು ಬಂದು ಹೊಡೆದ ಹೊಡೆತಕ್ಕೆ ಬಚ್ಚಲಿನ ನೆಲ ಹರಿದುಹೋಗಿತ್ತು. ಟೀಚರ್ ಸರ್‌ಗೆ ನೀರು ಕೊಡಲು ಹೋದಾಗ ನಾನು ಅರಿವೆಯನ್ನು ಪೆಟ್ರೋಲಿನಲ್ಲಿ ಅದ್ದಿ ಉಳಿದಿದ್ದ ಬದಿಯನ್ನು ಒರೆಸಿದೆ. ಕಪ್ಪು ಬಿಟ್ಟು ಬಂತು. ಕೆಳಗೆ ಬಿರುಕು, ಬೇಸಿಗೆಯ ಎರೆಹೊಲದಂತೆ. ಬೆನ್ನಿಗೆ ಕಟ್ಟಿದ್ದ ಸ್ಟೆಪ್ನಿ ನೋಡಿದೆ. ಅದು ಒಂದು ದಿನವೂ ನೆಲ ಮುಟ್ಟಿರಲಿಲ್ಲ. ಅದನ್ನೂ ಒರೆಸಿದೆ, ಅದರಲ್ಲೂ ಅದೇ ಬಿರುಕು. ಉಸ್ತಾದರ ಮಾತು ಅವತ್ತು ತಲೆಗೆ ಇಳಿಯಿತು. ನಿಂತ ಗಾಡಿ. ನಾನು ಕೇಳಿರಲಿಲ್ಲ. ಕೇಳದೆ, ನೋಡದೆ, ವರ್ಷ ವರ್ಷವೂ ನನ್ನ ಕೈಯಿಂದಲೇ ಮುಚ್ಚಿಟ್ಟಿದ್ದೆ.

"ಏನಾತ್ರಿ? ಯಾಕ ಸಿಡೀತು?" ಅಂತ ಟೀಚರ್ ಹಿಂದೆ ಬಂದು ನಿಂತರು.

ನಾನು ಅರಿವೆಯನ್ನು ಮುದ್ದೆ ಮಾಡಿ ಕಿಸೆಗೆ ತುರುಕಿದೆ. "ಕಲ್ಲ ಬಡದಿರಬೇಕ್ರಿ ಟೀಚರ್" ಅಂದೆ.

ಅವರು ತಾವು ಇಳಿದು ಬಂದ ದಾರಿಯ ಕಡೆ ಒಮ್ಮೆ ನೋಡಿದರು, ಅಷ್ಟೇ. ನಾನು ತಂದ ಟೈರ್ ಹಾಕಿ, ಮೆಲ್ಲಗೆ ಹಿಂದೆ ಹಿಂದೆ ಬಂದು, ಸಪ್ತಾಪುರದ ತನಕ ಮುಟ್ಟಿಸಿದೆ. ಕಾರವಾರ ಅಲ್ಲಿಗೇ ನಿಂತಿತು.

ಆಮೇಲೆ ಒಂದು ವರ್ಷ ಟೀಚರ್ ಅಂಗಡಿಗೆ ಬರಲಿಲ್ಲ. ಮುಂದಿನ ಮಹಾನವಮಿಗೂ ಬರಲಿಲ್ಲ. ಸಾಲು ನಿಂತ ಗಾಡಿಗಳಿಗೆ ಪಾಲಿಶ್ ಬಳಿಯುತ್ತಿದ್ದಾಗ, ಮನಿಗಾಡಿ ಕಟ್ಟಿದ ಕಾರ್ಖಾನೆಯ ವೆಲ್ಡರ್ ಮಲ್ಲೇಶಿ ತನ್ನ ಬೈಕು ತಂದಿದ್ದ. "ಗೊತ್ತೈತೇನ್ರಿ, ಆ ಟೀಚರ್ ಗಾಡಿ ಮಾರಾಕತ್ತಾರ. ತಗೊಳ್ಳವ್ರು ಹಬ್ಬ ಮುಗದ ಕೂಡಲೇ ಒಯ್ತಾರಂತ. ಮಂಚ ಬಚ್ಚಲಾ ಎಲ್ಲಾ ಕಿತ್ತು ಹಾಸ್ಟೆಲ್ ಮುಂದ ಗಿರ್ಮಿಟ್ ಮಿರ್ಚಿ ಗಾಡಿ ಮಾಡ್ತಾರಂತ" ಅಂದ. ಗಿರ್ಮಿಟ್ಟು ನಾನೂ ತಿನ್ನುವವನೇ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಬ್ರಶ್ಶನ್ನು ನನಗೆ ಹಿಡಿಯಲಾಗಲಿಲ್ಲ. ತಲೆ ಸುತ್ತುತ್ತದೆ ಅಂತ ಹೇಳಿ ಮನೆಗೆ ಹೋದೆ.

ಮರುದಿನ ಬಿಟ್ಟು ಮರುದಿನ ಬನ್ನಿ ಹಬ್ಬ. ನಮ್ಮ ಕಡೆ ಅವತ್ತು ಸಂಜೆ ಒಬ್ಬರ ಮನೆಗೆ ಒಬ್ಬರು ಹೋಗಿ ಬನ್ನಿ ಎಲೆ ಕೊಡುತ್ತಾರೆ, ಬನ್ನಿ ತಗೊಂಡು ಬಂಗಾರದಂಗ ಇರೋಣ ಅನ್ನುತ್ತಾರೆ. ಹಳೆಯ ಜಗಳ, ಮುನಿಸು ಆ ಎಲೆಯ ಜೊತೆ ಮುಗಿಯಬೇಕು ಅಂತ ಲೆಕ್ಕ. ನಾನು ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಸಪ್ತಾಪುರಕ್ಕೆ ಹೋದೆ. ಕಂಪೌಂಡಿನಲ್ಲಿ ಮನಿಗಾಡಿ ಧೂಳು ಹಿಡಿದು ನಿಂತಿತ್ತು. ಕಿಟಕಿಯಿಂದ ಸರ್ ಅದನ್ನೇ ನೋಡುತ್ತ ಕೂತಿದ್ದರು.

ಟೀಚರ್ ಬಾಗಿಲು ತೆಗೆದರು. ನಾನು ಎಲೆ ಮುಂದೆ ಚಾಚಿದೆ. ಬಂಗಾರದ ಮಾತು ಬಾಯಿಂದ ಹೊರಡಲಿಲ್ಲ. "ಟೀಚರ್ರ, ಆವತ್ತ ಕಲ್ಲ ಬಡದಿರಲಿಲ್ರಿ" ಅಂದೆ. ಶುರುವಾದದ್ದನ್ನು ನಿಲ್ಲಿಸಲಿಲ್ಲ. ಪಾಲಿಶ್, ಬಿರುಕು, ಓದದ ತಾರೀಖು, ಕಿಸೆಗೆ ತುರುಕಿದ ಅರಿವೆ, ಎಲ್ಲ ಹೇಳಿದೆ. ಎಲೆ ನನ್ನ ಕೈಯಲ್ಲೇ ಇತ್ತು.

 ಟೀಚರ್ ಕಂಪೌಂಡಿನಲ್ಲಿ ನಿಂತ ಗಾಡಿಯ ಕಡೆ ನೋಡುತ್ತ ಹೇಳಿದರು. "ಮೂವತ್ತು ವರ್ಷ ತಪ್ಪ ಲೆಕ್ಕಕ್ಕ ಕೆಂಪ ಗೆರಿ ಎಳದಾಕಿ ನಾ. ತಪ್ಪಿಗೆ ನನಗ ಸಿಟ್ಟ ಬರಂಗಿಲ್ಲ. ಆದ್ರ ಕಲ್ಲು ಅಂದ್ರಲ್ಲ. ಒಂದ ವರ್ಷ ಆತ್ರಿ, ದಿನಾ ಕಣ್ಣ ಮುಚ್ಚಿದ್ರ ಆ ಕಲ್ಲ ಹುಡುಕತೀನಿ ನಾ. ಎಲ್ಲಿತ್ತು, ನನಗ್ಯಾಕ ಕಾಣಲಿಲ್ಲ, ಇವರನ್ನ ಕೂಡಿಸಿಕೊಂಡು ಹೆಂಗ ನಡಸಿದೆ ಅಂತ. ನನ್ನ ಕೈಲೆ ಆಗಂಗಿಲ್ಲ ಅಂತ ಹೇಳಿ ಗಾಡಿ ಮಾರಾಕ ನಿಂತೀನಿ."

ಟೈರ್ ನೋಡದೆ ಇದ್ದದ್ದು ಅಜಾಗರೂಕತೆ. ಆದರೆ ನನ್ನ ಆ ಒಂದು ಸುಳ್ಳು ಒಬ್ಬ ಛಲೋ ಡ್ರೈವರಿನ ಧೈರ್ಯವನ್ನೇ ತಿಂದಿತ್ತು. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು, ಹಬ್ಬದ ದಿನ, ಮಂದಿಯ ಮನೆಯ ಬಾಗಿಲಲ್ಲಿ ನಿಂತು ಅತ್ತೆ.

ಒಳಗಿನಿಂದ ಸರ್ ಕೂಗಿದರು. "ವಿಮಲಾ, ಅವರ ಕೈಯಾಗಿನ ಬನ್ನಿ ತಗೋ ಮೊದಲ. ಪಾಪ, ಬಸ್ಸಿನಾಗ ಬಂದಾರ."

ಟೀಚರ್ ಎಲೆ ತೆಗೆದುಕೊಂಡರು. ಕಣ್ಣು ಒರೆಸಿಕೊಂಡು, ಮೇಜಿನ ಮೇಲಿದ್ದ ಒಂದು ನೋಟ್‌ಬುಕ್ ಬಿಡಿಸಿದರು. "ಕೂಡ್ರಿ. ಟೈರ್ ಹೆಂಗ ಆರಸ್ತಾರ ಅನ್ನೂದನ್ನ ನನಗ ಮೊದಲಿಂದ ಹೇಳ್ರಿ. ಈ ಸಲ ನಾನೂ ಕಲೀತೀನಿ." ಅವತ್ತು ರಾತ್ರಿಯೇ ಕೊಳ್ಳುವವರಿಗೆ ಫೋನ್ ಮಾಡಿ ಗಾಡಿ ಮಾರುವುದಿಲ್ಲ ಅಂದರಂತೆ.

ಆಗ ಕಲಿಸುತ್ತ ಕಲಿಸುತ್ತ ನಾನೇ ಕಲಿತೆ. ಟೀಚರ್ ಕೇಳಿದ ಮೊದಲ ಪ್ರಶ್ನೆಗೇ ನಾನು ಫೇಲ್. "ಗಾಡಿ ತೂಕ ಎಷ್ಟದ?" ಕಾಗದದಲ್ಲಿ ಬರೆದ ತೂಕ ಖಾಲಿ ಗಾಡಿಯದು. ಹಾಗಾಗಿ ಪ್ರವಾಸಕ್ಕೆ ಹೊರಡುವಾಗ ಹೇರುವುದನ್ನೆಲ್ಲ ಹೇರಿ, ನೀರಿನ ಟಾಕಿ ತುಂಬಿಸಿ, ಅಕ್ಕಿ ಡಬ್ಬಿಯ ಸಮೇತ, ಹತ್ತಿ ಲಾರಿಗಳನ್ನು ತೂಗುವ ಕಾಂಟಾಕ್ಕೆ ಒಯ್ದೆವು. ಟೀಚರ್ ಒಂದೊಂದೇ ಗಾಲಿಯನ್ನು ಬೇರೆ ಬೇರೆ ತೂಗಿಸಿದರು. ಕಾಂಟಾದವನು, "ಬಾಯಾರ, ಲಾರಿಯವ್ರೂ ಇಷ್ಟ ಬಾರೀಕ ನೋಡಂಗಿಲ್ರಿ" ಅಂದ. ನೋಡಿದರೆ ಎಡಗಾಲಿಯ ಮೇಲೆ ಭಾರ ಬಹಳ ಹೆಚ್ಚಿತ್ತು. ನೀರಿನ ಟಾಕಿ, ಬ್ಯಾಟರಿ, ಇಳಿಜಾರು ಹಲಗೆ, ಎಲ್ಲ ಅದೇ ಕಡೆ. ಬಿಸಿಲೂ ಅದೇ ಕಡೆ. ಹಳೆಯ ಟೈರುಗಳೋ ಕಾರಿನವು. ಒಣಗಿದ ಟೈರಿನ ಮೇಲೆ ಹೊರಲಾರದ ಭಾರ ಕೂಡಿಸಿದ್ದೆವು.

ಮಲ್ಲೇಶಿ ಬ್ಯಾಟರಿಯನ್ನು ಬಲಕ್ಕೆ ಸರಿಸಿ ಬಚ್ಚಲಿನ ನೆಲ ಹೊಸದು ಹಾಕಿದ. ನಾನು ಟೈರ್ ಹುಡುಕಿದೆ. ಹೊಸದಾಗಿ ಕೆಲಸಕ್ಕೆ ಬಂದವರು ಇಲ್ಲಿ ಲಕ್ಷ್ಯ ಕೊಡಿ. ಟೈರಿನ ಬದಿಯಲ್ಲಿ ಅದು ಎಷ್ಟು ಭಾರ ಹೊರುತ್ತದೆ ಅಂತ ಬರೆದಿರುತ್ತದೆ. ಗಾಡಿಯ ಭಾರಕ್ಕೆ ಸರಿಯಾಗಿ ಅಲ್ಲ, ಅದಕ್ಕಿಂತ ಮೇಲೆ ಹೊರುವಂಥದ್ದನ್ನು ಆರಿಸಬೇಕು. ಕಾರಿನ ಟೈರ್ ಮೆತ್ತಗೆ ಓಡುತ್ತದೆ, ಆದರೆ ಟ್ರೇಲರಿಗೆ ಮಾಲು ಸಾಗಿಸುವ ಗಾಡಿಯ ಗಟ್ಟಿ ಬದಿಯ ಟೈರ್ ಬೇಕು. ಅದಕ್ಕೆ ಗಾಳಿ ಹೆಚ್ಚು ತುಂಬಬೇಕು, ಗಾಲಿಯ ಕಬ್ಬಿಣದ ರಿಮ್ಮೂ ಆ ಗಾಳಿಯನ್ನು ತಡೆಯುವಂಥದ್ದು ಇರಬೇಕು. ವಾಲ್ವ್ ಹೊಸದೇ ಹಾಕಬೇಕು, ಹಳೆಯದಕ್ಕೆ ಆಸೆ ಪಡಬಾರದು. ಗಾಳಿ ನೋಡುವುದು ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ. ಸ್ಟೆಪ್ನಿಯೂ ಟೈರೇ, ಅದಕ್ಕೂ ವಯಸ್ಸಾಗುತ್ತದೆ. ಇದೆಲ್ಲ ಟೀಚರ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು. ನನ್ನ ತಲೆಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದದ್ದನ್ನು ಅವರೇ ಸಾಲಾಗಿ ಜೋಡಿಸಿದರು.

ನಮ್ಮ ಗೋದಾಮಿನಲ್ಲಿ ಬೇಕಾದ ಸೈಜಿನ ಮೂರು ಟೈರ್ ಇದ್ದವು. ಮುಟ್ಟಿದರೆ ಕೈಗೆ ಹೊಸ ರಬ್ಬರಿನ ವಾಸನೆ. ತಾರೀಖು ನೋಡಿದರೆ ಮೂರು ವರ್ಷದ ಹಿಂದಿನದು. ನಾನು ಬೇಡ ಅಂದೆ. ಸಾವ್ಕಾರರಿಗೆ ಸಿಟ್ಟು ನೆತ್ತಿಗೇರಿತು.

"ಮಾರದಿದ್ರ ಇವನ್ನೇನ ನಾ ಉಪ್ಪ ಹಚ್ಚಿ ಉಣ್ಲೇನ? ಇದು ಬಳಸಿದ್ದಲ್ಲಪಾ, ಗೋದಾಮಿನ್ಯಾಗ ನೆರಳಾಗಿದ್ದದ್ದು."

"ಖರೇ ಐತ್ರಿ ಸಾವ್ಕಾರ್ರ. ದಿನಾ ಓಡೂ ಗಾಡಿಗೆ ಹಾಕ್ರಿ, ಲಗೂ ಸವದು ಹೋಗ್ತಾವು. ಈ ಗಾಡಿ ನಿಂದ್ರೂ ಗಾಡಿ. ಇದಕ್ಕ ಹೊಸಾವ ಬೇಕು." ಆಮೇಲೆ ಅರಬೈಲಿನ ಸಂಗತಿಯನ್ನೂ, ಕಲ್ಲಿನ ಸುಳ್ಳನ್ನೂ ಅವರಿಗೆ ಹೇಳಿದೆ.

ಅವರು ಎದ್ದು ಹೊರಗೆ ಹೋದರು. ಅಂಗಡಿಯ ಮುಂದೆ ಮನಿಗಾಡಿ ನಿಂತಿತ್ತು, ಬಾಗಿಲು ತೆರೆದಿತ್ತು. ಸಾವ್ಕಾರರು ಚಪ್ಪಲಿ ಬಿಟ್ಟು ಒಳಗೆ ಹತ್ತಿ ನೋಡಿದರು. ತಗ್ಗಿನ ಮಂಚ, ಬಚ್ಚಲಿನ ಗೋಡೆಗೆ ಸರ್ ಹಿಡಿದುಕೊಳ್ಳಲು ಹಾಕಿದ ಸ್ಟೀಲಿನ ಪೈಪು, ಕಿಟಕಿಯ ಹತ್ತಿರ ಕುರ್ಚಿ ನಿಲ್ಲಿಸಲು ಬಿಟ್ಟ ಜಾಗ. ಸಾವ್ಕಾರರ ತಾಯಿಯೂ ಕೊನೆಗೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಇಳಿದು ಬಂದವರು ನನ್ನ ಮುಖ ನೋಡಲಿಲ್ಲ. "ಹೊಸಾವ ತರಸು" ಅಂದರು, "ಮೂರೂ ಒಂದ ವಾರದಾಗ ಹುಟ್ಟಿದ್ದ ಇರ್ಲಿ." ಮೂರು ವಾರ ಕಾದ ಮೇಲೆ ಟೈರ್ ಬಂದವು. ಅವುಗಳ ಮೇಲಿನ ನಾಲ್ಕು ಅಂಕಿಯನ್ನು ಟೀಚರ್ ತಾವೇ ಓದಿ, ಮನಿಗಾಡಿಯ ಬಾಗಿಲಿನ ಒಳಗಡೆ ಬಣ್ಣದಲ್ಲಿ ಬರೆದರು. ಅದರ ಕೆಳಗೆ, ಬಿಚ್ಚಬೇಕಾದ ವರ್ಷ.

ಆ ಡಿಸೆಂಬರಿನಲ್ಲಿ ಅವರು ಹತ್ತಿರದ ಬಾದಾಮಿಗೆ ಹೋಗಿ ಬಂದರು. ಮುಂದಿನ ಬೇಸಿಗೆಯಲ್ಲಿ ಇನ್ನೂ ದೂರ. ಮನೆಯಲ್ಲಿ ನಿಂತಾಗ ಗಾಲಿಯ ಕೆಳಗೆ ಹಲಗೆ, ಮೇಲೆ ಗೋಣಿತಾಟಿನ ಹೊದಿಕೆ. ತಿಂಗಳಿಗೊಮ್ಮೆ ಗಾಡಿಯನ್ನು ನಾಲ್ಕು ಮೊಳ ಮುಂದೆ, ನಾಲ್ಕು ಮೊಳ ಹಿಂದೆ ಸರಿಸುತ್ತಿದ್ದರು. ಘಾಟಿಯ ದಾರಿ ಮಾತ್ರ ಹಿಡಿದಿರಲಿಲ್ಲ. 

ನಮ್ಮ ಅಂಗಡಿಯ ಖಂಡೇಪೂಜೆಯೂ ಆ ವರ್ಷದಿಂದ ಬದಲಾಯಿತು. ನಾನು ಪಾಲಿಶ್ ಡಬ್ಬಿ ಮುಟ್ಟುವುದು ಬಿಟ್ಟೆ. ಸಾಬೂನಿನ ನೀರಿನಿಂದ ಟೈರ್ ತಿಕ್ಕಿ ತೊಳೆದು, ಒರೆಸಿ, ನಾಲ್ಕು ಅಂಕಿಯ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ, ಗಿರಾಕಿಗೆ ಓದಿ ತೋರಿಸುತ್ತಿದ್ದೆ. ಆಮೇಲೆ ಅರಿಶಿಣ ಕುಂಕುಮ. ಮೊದಲ ವರ್ಷ ಅರ್ಧ ಮಂದಿ ಪಾಲಿಶ್ ಇಲ್ಲ ಅಂತ ಬೇರೆ ಅಂಗಡಿಗೆ ಹೋದರು. ಸಾವ್ಕಾರರು ಗೊಣಗಿದರು. ಮೂರನೇ ವರ್ಷ ಒಬ್ಬ ಲಾರಿಯವನು ತಾನೇ ಬಗ್ಗಿ ಅಂಕಿ ಓದಿ, "ಕಾಕಾ, ಇದರ ಆಯುಷ್ಯ ಮುಗೀತಲ್ಲರಿ" ಅಂದ. ನನ್ನ ನಲವತ್ತು ವರ್ಷದ ಕೆಲಸದಲ್ಲಿ ಅಷ್ಟು ಖುಷಿಯಾದ ದಿನಗಳು ಕಮ್ಮಿ.

ಆರನೇ ವರ್ಷ ನಾನು ನಿವೃತ್ತನಾಗುವ ತಿಂಗಳಿಗೇ ಟೀಚರ್ ಗಾಡಿ ತಂದರು. ಬಾಗಿಲಿನಲ್ಲಿ ಬರೆದ ವರ್ಷ ಬಂದಿತ್ತು. ಟೈರುಗಳ ಗ್ರಿಪ್ ಹೊಸದರಂತೇ ಇತ್ತು. ಬದಿಯಲ್ಲಿ ಒಂದು ಕೂದಲೆಳೆಯಷ್ಟು ಬಿರುಕೂ ಕಾಣಲಿಲ್ಲ. ನನಗೇ ಜೀವ ಚುರುಕ್ ಅಂದಿತು. "ಇನ್ನೊಂದ ವರ್ಷ ನಡೀತಾವೇನೋ ಟೀಚರ್ರ" ಅಂದೆ.

"ನೀವ ಕಲಿಸಿದ ಪಾಠ ನೀವ ಮರತ್ರ ಹೆಂಗ?" ಅಂದರು. "ಛಲೋ ಇದ್ದಾಗ ಇಳೀಲಿ. ನೀವೂ ಹಂಗ ಇಳ್ಯಾಕತ್ತೀರಲ್ಲ."

ಬಿಚ್ಚಿದೆ. ಯಾರಾದರೂ ತಗೊಂಡು ಬೇರೆ ಗಾಡಿಗೆ ಹಾಕಬಾರದು ಅಂತ ಮೂರಕ್ಕೂ ಬದಿಯಲ್ಲಿ ಚಾಕು ಎಳೆದೆ. ಹೊಸ ಮೂರು ಆರಿಸಿ, ತಾರೀಖು ಓದಿ, ಹಾಕಿದೆ. ಅಂಗಡಿಯಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು. ಕೈ ತೊಳೆದುಕೊಂಡು ಬಂದಾಗ ಸರ್ ಜೀಪಿನಿಂದ ಕರೆದರು. "ಫಕ್ಕೀರಪ್ಪನವರ, ಇಷ್ಟ ವರ್ಷ ಮಂದಿನ್ನ ಕಳಿಸಿದ್ರಿ. ನೀವ ಹಾಕಿದ ಟೈರಿನ ಮ್ಯಾಲ ನೀವ ಎಲ್ಲಿಗೆ ಹೋಗೀರಿ?"

ಯೋಚಿಸಿದೆ. ಎಲ್ಲಿಗೂ ಹೋಗಿರಲಿಲ್ಲ.

"ಹಂಗಾರ ಬರೂ ಸೋಮವಾರ ತಯಾರಾಗ್ರಿ. ಕಾರವಾರ" ಅಂದರು. ನಾನು ಟೀಚರ್ ಕಡೆ ನೋಡಿದೆ. ಅವರು ಗಾಲಿಯ ನಟ್ಟುಗಳನ್ನು ಲೆಕ್ಕ ಮಾಡುತ್ತಿದ್ದರು, ತಲೆ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ, ಕಾಲ ಹತ್ತಿರ ಮೀಟರ್, ನಟ್ಟು ಬಿಗಿಯುವ ಪಾನಾ, ಎಲ್ಲ ಇಟ್ಟುಕೊಂಡು. ಹೊಸ ಗಾಲಿ ಕೂಡಿಸಿದ ಮೇಲೆ ಸ್ವಲ್ಪ ದೂರ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು, ಹಾಗಾಗಿ ಯಲ್ಲಾಪುರದಲ್ಲಿ ನಿಲ್ಲಿಸಿ ಬಿಗಿ ಮಾಡಿದೆ. ಕೈ ಇಟ್ಟು ನೋಡಿದೆ. ಎರಡೂ ಟೈರಿನ ಬಿಸಿ ಒಂದೇ ಸಮ ಇತ್ತು. ಚಹಾ ಕುಡಿದು ಘಾಟಿಗೆ ಇಳಿದೆವು.

ತಿರುವುಗಳು ಶುರುವಾದವು. ಟೀಚರ್ ಗೇರ್ ಇಳಿಸಿದರು. ನಾನು ಮೀಟರನ್ನು ಕೈಗೆ ತೆಗೆದುಕೊಂಡೆ. ಗುಡ್ಡದ ಮಗ್ಗುಲಲ್ಲಿ ಅವರು ಅವತ್ತು ಕೂತಿದ್ದ ಕಲ್ಲು ದೂರದಿಂದಲೇ ಕಂಡಿತು. ತಡೆಯಲಾಗಲಿಲ್ಲ. "ಟೀಚರ್ರ, ಇಲ್ಲೆ ಒಂದ ಸ್ವಲ್ಪ ನಿಲ್ಲಿಸಿದ್ರ, ಇಳದು ಇನ್ನೊಂದ ಸಲ ನೋಡಿ ಬಿಡ್ತೇನಿ" ಅಂದೆ.

ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ಒಮ್ಮೆ ನೋಡಿತು.

"ಯಾಕ್ರಿ? ನೀವ ನೋಡೀರಲ್ಲ" ಅಂದರು. ಗಾಡಿ ನಿಲ್ಲಲಿಲ್ಲ. ಆ ಕಲ್ಲು ನಮ್ಮ ಪಕ್ಕದಲ್ಲೇ ಹಿಂದೆ ಸರಿಯಿತು.

ಈ ಮಾತು ಕೇಳಿ ಸರ್ ಏನಾದರೂ ತಮಾಷೆ ಮಾಡುತ್ತಾರೆ ಅಂತ ಮುಂದೆ ಬಗ್ಗಿ ನೋಡಿದೆ. ಹಿಡಿಕೆ ಖಾಲಿ ಇತ್ತು, ಅವರ ಎರಡೂ ಕೈ ಮಡಿಲಲ್ಲಿದ್ದವು. ತಲೆ ಕಿಟಕಿಗೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ಪ್ರಭಾಕರ ಸರ್ ನಿದ್ದೆ ಹೋಗಿದ್ದರು.